ಮೂವತ್ತು ಮುಚ್ಚಳ ಎಸೆದ ಮೇಲೆ

‘ಅಕ್ಕಾ’ ಅಂತ ಶುರುಮಾಡಿ ಬರೆದಿದ್ದೀಯ, ಹಾಗಾಗಿ ನೀನು ಅಂತಲೇ ಬರೆಯುತ್ತೇನೆ. ಇಂಗ್ಲೆಂಡಿನಲ್ಲಿ ಡಿಸೈನ್ ಪಿಎಚ್‌ಡಿಗೆ ಸೀಟು ಸಿಕ್ಕಿದೆ, ಒಳ್ಳೆಯ ವಸ್ತು ಮಾಡಿ ತೋರಿಸಿದರೆ ಸಾಕಾ, ಪ್ರಬಂಧವನ್ನೂ ಬರೆಯಲೇಬೇಕಾ ಅಂತ ಕೇಳಿದ್ದೀಯ. ಜೊತೆಗೆ ಮನೆ, ಚಳಿ, ಮುಂದಿನ ಕೆಲಸದ ಚಿಂತೆ. ಓದುತ್ತಾ ನಾನು ಬಂದಿಳಿದ ದಿನ ನೆನಪಾಯಿತು. ನನ್ನ ಎರಡು ಸೂಟ್‌ಕೇಸ್‌ಗಳಲ್ಲಿ ಒಂದರ ತುಂಬ ನಾನು ಮಾಡಿದ ಮಾದರಿಗಳೇ ಇದ್ದವು. ಇವನ್ನು ಕೈಗೆ ಕೊಟ್ಟರೆ ಸಾಕು, ನಾನೇನೂ ಹೇಳಬೇಕಾಗಿಲ್ಲ ಅಂದುಕೊಂಡಿದ್ದೆ.

ಕೋಟು, ಶೂ ಇಲ್ಲಿಗೆ ಬಂದೇ ತಗೋ. ಮನೆ ವರ್ಕ್‌ಶಾಪ್‌ಗೆ ನಡೆದು ಹೋಗುವಷ್ಟು ಹತ್ತಿರ ಇರಲಿ. ಕಂಪನಿಯಲ್ಲಿ ಡಿಸೈನರ್ ಆಗಲು ಪಿಎಚ್‌ಡಿ ಬೇಕಿಲ್ಲ. ಪಾಠ ಮಾಡಬೇಕು, ಸಂಶೋಧನೆಯಲ್ಲೇ ಇರಬೇಕು ಅಂತಿದ್ದರೆ ಬೇಕು.

ಈಗ ನಿನ್ನ ಮೊದಲ ಪ್ರಶ್ನೆ. ವಸ್ತು ಮಾತ್ರ ಸಾಲದು. ಇಲ್ಲಿ ಪಿಎಚ್‌ಡಿಗೆ ಅಳತೆಗೋಲು ಒಂದೇ, ರಸಾಯನಶಾಸ್ತ್ರಕ್ಕೂ ಅದೇ, ಡಿಸೈನ್‌ಗೂ ಅದೇ: ಹೊಸ ತಿಳಿವಳಿಕೆ ಬಂತಾ, ಅದೇ ವಿಷಯ ಬಲ್ಲವರು ಪರೀಕ್ಷಿಸಿದರೆ ಅದು ನಿಲ್ಲುತ್ತದಾ, ಪ್ರಕಟಿಸುವ ಯೋಗ್ಯತೆ ಇದೆಯಾ. ವಸ್ತುಗಳನ್ನು ಮಾಡುತ್ತಲೇ ನಡೆಸುವ ಪಿಎಚ್‌ಡಿಗೆ ಬರವಣಿಗೆ ಸ್ವಲ್ಪ ಕಡಿಮೆ ಇರಬಹುದು. ಎಷ್ಟು ಪದ ಅನ್ನುವುದು ಆಯಾ ವಿಶ್ವವಿದ್ಯಾಲಯದ ನಿಯಮ ಪುಸ್ತಕದಲ್ಲಿರುತ್ತದೆ. ಮೊದಲ ವಾರವೇ ಅದನ್ನು ಓದು.

1993ರಲ್ಲಿ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್‌ನ ಕ್ರಿಸ್ಟೋಫರ್ ಫ್ರೇಲಿಂಗ್ ಮೂರು ಬಗೆಯ ಸಂಶೋಧನೆಯನ್ನು ಬೇರೆ ಬೇರೆ ಮಾಡಿ ತೋರಿಸಿದರು: ಡಿಸೈನ್ ಬಗ್ಗೆ ಮಾಡುವುದು, ಡಿಸೈನ್ ಮಾಡುತ್ತಾ ಮಾಡುವುದು, ಡಿಸೈನ್‌ಗಾಗಿ ಮಾಡುವುದು. ಈ ಮೂರನೆಯದರಲ್ಲಿ ಯೋಚನೆಯೆಲ್ಲ ವಸ್ತುವಿನೊಳಗೇ ಇರುತ್ತದೆ, ಬರಹದಲ್ಲಿ ಅಲ್ಲ. ಇದೇ ಎಲ್ಲಕ್ಕಿಂತ ಕಷ್ಟದ್ದು ಅಂತ ಅವರಿಗೂ ಗೊತ್ತಿತ್ತು. ನಾನು ಎರಡನೆಯದನ್ನು ಮಾಡುತ್ತಿದ್ದೇನೆ ಅಂದುಕೊಂಡು ಮೂರನೆಯದರಲ್ಲಿ ಸಿಕ್ಕಿಬಿದ್ದೆ.

ನನ್ನ ವಿಷಯ ಔಷಧಿ ಬಾಟಲಿಯ ಮುಚ್ಚಳ. ಕೈ ನಡುಗುವ ವಯಸ್ಸಾದವರೂ ಸುಲಭವಾಗಿ ತೆಗೆಯುವಂಥದ್ದು. ಮೂವತ್ತೊಂದು ಮಾಡಿದೆ. ವರ್ಕ್‌ಶಾಪ್‌ನವರು ಕಪಾಟು ಖಾಲಿ ಮಾಡಿ ಅಂದಾಗ ಕೊನೆಯದೊಂದನ್ನು ಇಟ್ಟುಕೊಂಡು ಉಳಿದ ಮೂವತ್ತನ್ನೂ ಎಸೆದೆ. ಅವು ಸರಿಬರದಿದ್ದವು, ಯಾಕೆ ಬೇಕು ಅನ್ನಿಸಿತು.

ವೈವಾ, ಅಂದರೆ ಪ್ರಬಂಧದ ಮೌಖಿಕ ಪರೀಕ್ಷೆಯ ದಿನ, ಕೋಣೆಯಲ್ಲಿ ಇಬ್ಬರು ಪರೀಕ್ಷಕರು, ಒಬ್ಬರು ನಮ್ಮ ವಿಶ್ವವಿದ್ಯಾಲಯದವರೇ, ಒಬ್ಬರು ಹೊರಗಿನವರು. ಹೊರಗಿನಿಂದ ಬಂದವರು ಮುಚ್ಚಳವನ್ನು ಬೆರಳಲ್ಲಿ ತಿರುಗಿಸಿ ನೋಡಿದರು. ಅಂಚಿನ ಉಬ್ಬುಗೆರೆಗಳ ಮೇಲೆ ಉಗುರು ಆಡಿಸಿ, ‘ಇವು ನೇರವಾಗಿಲ್ಲ, ಓರೆಯಾಗಿವೆ. ಯಾಕೆ?’ ಅಂದರು. ಕೈಗೆ ಹಾಗೆ ಹಿತ ಅನ್ನಿಸಿತು ಅಂದೆ. ‘ಯಾರ ಕೈಗೆ? ನೇರ ಗೆರೆಯದು ಮಾಡಿ ನೋಡಿದ್ದಿರಾ?’ ಮಾಡಿದ್ದೆ. ಏಳನೆಯದೋ ಎಂಟನೆಯದೋ ಇರಬೇಕು. ತೋರಿಸಲು ಮುಚ್ಚಳ ಇರಲಿಲ್ಲ. ಟಿಪ್ಪಣಿ ಇರಲಿಲ್ಲ. ಅವರು ಮುಚ್ಚಳವನ್ನು ಮೆಲ್ಲಗೆ ಮೇಜಿನ ಮೇಲಿಟ್ಟರು. ಆ ಸದ್ದು ಇನ್ನೂ ಕಿವಿಯಲ್ಲಿದೆ.

ಒಂದು ವರ್ಷ ಕೊಟ್ಟು ಮತ್ತೆ ಸಲ್ಲಿಸಲು ಹೇಳಿದರು. ರಾತ್ರಿ ಅಮ್ಮ ಫೋನಿನಲ್ಲಿ ‘ಮುಗೀತಾ?’ ಅಂದಾಗ, ಸ್ವಲ್ಪ ತಿದ್ದೋದಿದೆ ಅಂತಷ್ಟೇ ಹೇಳಿದೆ. ಆಮೇಲೆ ಎಷ್ಟೋ ಹೊತ್ತು ಫೋನ್ ಕೈಯಲ್ಲೇ ಇತ್ತು.

ಗೈಡ್ ಯಾಕೆ ಮೊದಲೇ ಹೇಳಲಿಲ್ಲ ಅಂತ ನೀನು ಕೇಳಬಹುದು. ನಮ್ಮಲ್ಲಿ ಗೈಡ್ ಸುಮ್ನೆ ಇದ್ದರೆ ಸರಿಯಾಗಿದೆ ಅಂತ ಅರ್ಥ, ಅಲ್ವಾ? ಇಲ್ಲಿ ಸುಮ್ನೆ ಇದ್ದರೆ ಅದು ನಿನ್ನ ಪ್ರಾಜೆಕ್ಟ್, ನೀನೇ ಕೇಳು ಅಂತ. ನಾನು ಕೇಳಲೇ ಇಲ್ಲ. ನೀನು ಮೂರು ತಿಂಗಳಿಗೊಮ್ಮೆಯಾದರೂ ನೇರವಾಗಿ ಕೇಳು: ‘ಇವತ್ತೇ ವೈವಾ ಆದರೆ ಎಲ್ಲಿ ಬೀಳುತ್ತೇನೆ?’

ಒಂದು ನೋಟ್‌ಬುಕ್ ಇಡು. ಮಾದರಿಗೆ ನಂಬರು, ತಾರೀಕು, ಹಿಂದಿನದಕ್ಕಿಂತ ಏನು ಬದಲಾಯಿತು, ಯಾಕೆ ಬದಲಾಯಿಸಿದೆ, ಯಾರು ಹಿಡಿದು ನೋಡಿದರು, ಅವರ ಬೆರಳು ಎಲ್ಲಿ ಜಾರಿತು. ಕೆಟ್ಟದ್ದನ್ನೇ ಜಾಸ್ತಿ ಬರೆ. ಬೇರೆಯವರ ಕೈಗೆ ಕೊಟ್ಟು ಪರೀಕ್ಷಿಸುವ ಮೊದಲು ವಿಶ್ವವಿದ್ಯಾಲಯದ ಎಥಿಕ್ಸ್ (ನೈತಿಕತೆ) ಸಮಿತಿಯ ಒಪ್ಪಿಗೆ ತಗೋ. ಮಾಡಿ ಮುಗಿಸಿದ ಮೇಲೆ ಆ ಒಪ್ಪಿಗೆ ಸಿಗುವುದಿಲ್ಲ, ಸಮಿತಿಗೆ ಸಮಯವೂ ಬೇಕು.

ಆ ವರ್ಷ ಇಪ್ಪತ್ತೆರಡು ಮುಚ್ಚಳ ಮತ್ತೆ ಮಾಡಿದೆ, ಪ್ರತಿಯೊಂದಕ್ಕೂ ಪುಟ ಬರೆದೆ. ಎರಡನೇ ಸಲ ಪಾಸಾದೆ. ಈಗ ನನ್ನ ವಿದ್ಯಾರ್ಥಿಗಳ ಕಪಾಟಿನಲ್ಲಿ ಮುರಿದ ಮಾದರಿಗಳಿಗೂ ಚೀಟಿ ಅಂಟಿಸಿರುತ್ತದೆ, ಅದನ್ನು ನೋಡಿದಾಗ ನಿಜವಾಗಿಯೂ ಹೆಮ್ಮೆಯಾಗುತ್ತದೆ. ಆದರೆ ಮೊದಲ ಮೂವತ್ತರಲ್ಲಿ ಒಂದಿತ್ತು, ಹೆಬ್ಬೆರಳಿಗೆ ಸಣ್ಣ ತಗ್ಗು ಇದ್ದದ್ದು. ಅದನ್ನು ಎಷ್ಟು ಸಲ ಮಾಡಿದರೂ ಹಾಗೆ ಬರಲಿಲ್ಲ.

ನಿನ್ನ ಪ್ರಸ್ತಾವ ಕಳಿಸು, ಓದುತ್ತೇನೆ. ಈಗಾಗಲೇ ಮಾಡಿರುವ ಮಾದರಿಗಳ ಫೋಟೋ ಕೂಡ ಇರಲಿ, ಸರಿಬರದಿದ್ದವುಗಳದ್ದೂ.