ಏಳು ವರ್ಷದ ಮಗನಿಗೆ ಮರಗೆಲಸ ಕಲಿಸಬೇಕು, ಯಾವ ಉಪಕರಣ ಕೊಳ್ಳಲಿ?

ಮನೆಗೆ ಬಡಗಿ ಬಂದು ಹೋದಾಗಿನಿಂದ ನಿಮ್ಮ ಮಗ ಸುತ್ತಿಗೆ ಬೇಕು ಅಂತ ಹಟ ಹಿಡಿದಿದ್ದಾನೆ. ನೀವಿರುವುದು ಎರಡನೇ ಮಹಡಿಯ ಫ್ಲ್ಯಾಟಿನಲ್ಲಿ. ಆನ್‌ಲೈನಿನಲ್ಲಿ ಮಕ್ಕಳ ಟೂಲ್ ಕಿಟ್ ನೋಡಿ ಇಟ್ಟಿದ್ದೀರಿ. ಅದನ್ನು ಕೊಳ್ಳಲಾ, ಬೆರಳು ಕುಯ್ದುಕೊಂಡರೆ ಏನು ಗತಿ, ಮೊದಲು ಏನು ಮಾಡಿಸಲಿ ಅಂತ ಕೇಳಿದ್ದೀರಿ.

ಕಿಟ್ ಬೇಡ. ಮೊದಲು ಇಷ್ಟು ಹೇಳಿಬಿಡುತ್ತೇನೆ, ಯಾಕಂದರೆ ನಾನು ಕೊಂಡು ಕೆಟ್ಟವಳು.

ನನಗೆ ಇಬ್ಬರು ಮಕ್ಕಳು. ದೊಡ್ಡವಳಿಗೆ ಈಗ ಹನ್ನೊಂದು, ಚಿಕ್ಕವನಿಗೆ ಏಳು. ದೊಡ್ಡವಳಿಗೆ ಆರು ತುಂಬಿದಾಗ ಅಂಥದ್ದೇ ಒಂದು ಬಣ್ಣದ ಪೆಟ್ಟಿಗೆ ತಂದಿದ್ದೆ. ಅದರಲ್ಲಿದ್ದ ಗರಗಸದ ಹಲ್ಲು ನಮ್ಮನೆ ಬಾಚಣಿಗೆಗಿಂತ ಮೊಂಡು. ಸ್ಕೇಲಿನಷ್ಟು ದಪ್ಪದ ಪಟ್ಟಿಯನ್ನು ಅರ್ಧ ಗಂಟೆ ಉಜ್ಜಿದಳು. ಮರ ಕುಯ್ಯಲಿಲ್ಲ, ಬಿಸಿಯಾಯಿತು ಅಷ್ಟೆ. ಸಿಟ್ಟು ಬಂದು ಮೈಭಾರವೆಲ್ಲ ಹಾಕಿ ಒತ್ತಿದಳು. ಗರಗಸ ಜಾರಿ ಬೆರಳ ಗಂಟಿನ ಚರ್ಮ ಕಿತ್ತುಬಂತು. ಮಕ್ಕಳಿಗೆ ಪೆಟ್ಟಾಗದಿರಲಿ ಅಂತ ಮೊಂಡು ಮಾಡಿಟ್ಟ ಸಾಮಾನಿನಿಂದಲೇ ಪೆಟ್ಟಾಯಿತು. ಹರಿತವಾದದ್ದು ತನ್ನ ಕೆಲಸ ತಾನೇ ಮಾಡುತ್ತದೆ. ಮೊಂಡಾದದ್ದಕ್ಕೆ ಬಲ ಹಾಕಬೇಕು, ಬಲ ಹಾಕಿದ ಕೈ ಎಲ್ಲಿಗೆ ಜಾರುತ್ತದೋ ಯಾರಿಗೂ ಗೊತ್ತಿಲ್ಲ.

ಹಾಗಾದರೆ ಮೊದಲು ಕೊಳ್ಳಬೇಕಾದದ್ದು ಯಾವುದು? ಸುತ್ತಿಗೆಯೂ ಅಲ್ಲ, ಗರಗಸವೂ ಅಲ್ಲ. ಮರವನ್ನು ಅಲುಗದಂತೆ ಬಿಗಿಯಾಗಿ ಕಚ್ಚಿ ಹಿಡಿಯುವ ಒಂದು ಬೆಂಚ್ ವೈಸ್, ಅಥವಾ ಎರಡು ಸಿ ಕ್ಲಾಂಪ್.

ನಮ್ಮ ಊರಿನ ಆಚಾರ್ರು ನೆಲದ ಮೇಲೆ ಕೂತು, ಹಲಗೆಯನ್ನು ಪಾದದಿಂದ ಒತ್ತಿ ಹಿಡಿದು ಉಳಿ ಹೊಡೆಯುವುದನ್ನು ನೋಡಿದ್ದೀರಲ್ಲ? ಆ ಕಾಲು ವರ್ಷಗಟ್ಟಲೆ ಪಳಗಿದ್ದು. ನಮಗೂ ಮಕ್ಕಳಿಗೂ ಅದು ಬರುವುದಿಲ್ಲ. ಮಗು ಎಡಗೈಯಲ್ಲಿ ಮರ ಹಿಡಿದು ಬಲಗೈಯಲ್ಲಿ ಕುಯ್ಯಲು ಹೋಗುತ್ತದೆ. ಅದೇ ಅಪಾಯ. ಮರವನ್ನು ವೈಸಿಗೆ ಕಚ್ಚಿಸಿಬಿಟ್ಟರೆ ಎರಡೂ ಕೈ ಗರಗಸದ ಹಿಡಿಯ ಮೇಲೆ ಬರುತ್ತವೆ. ಆಮೇಲೆ ಕುಯ್ದುಕೊಳ್ಳಲು ಕೈ ಎಲ್ಲಿ ಉಳಿಯಿತು? ನಮ್ಮನೆಯಲ್ಲಿ ಈವರೆಗೆ ಹೊಲಿಗೆ ಹಾಕಿಸಿಕೊಂಡದ್ದು ಒಬ್ಬರೇ, ಅದು ನಾನು. ಒಂದು ಚೂರು ಮರವನ್ನು ಅಂಗೈಯಲ್ಲಿ ಹಿಡಿದು, "ಇಷ್ಟೇ ತಾನೆ" ಅಂತ ಉಳಿ ಒತ್ತಿದೆ. ಎರಡು ಹೊಲಿಗೆ. ಅವತ್ತಿನಿಂದ ಬಾಲ್ಕನಿ ಗೋಡೆಯ ಮೇಲೆ ದೊಡ್ಡವಳ ಅಕ್ಷರದಲ್ಲಿ ಒಂದು ಚೀಟಿ ಇದೆ: "ಉಳಿಯ ಬಾಯಿ ಮುಂದೆ ಕೈ ಇಡಬಾರದು. ಅಮ್ಮ ಕೂಡ."

ಉಳಿದದ್ದು ಸ್ವಲ್ಪವೇ. ಇನ್ನೂರು ಗ್ರಾಂ ಸುಮಾರಿನ ಸುತ್ತಿಗೆ. ಬೆನ್ನಿಗೆ ಲೋಹದ ಪಟ್ಟಿ ಇರುವ ಸಣ್ಣ ಗರಗಸ, ಅಂಗಡಿಯಲ್ಲಿ ಟೆನನ್ ಸಾ ಅಂತ ಕೇಳಿ. ಬೆನ್ನುಪಟ್ಟಿ ಇದ್ದರೆ ಅಲಗು ಬಾಗುವುದಿಲ್ಲ, ಗೆರೆ ನೆಟ್ಟಗೆ ಹೋಗುತ್ತದೆ. ಜಪಾನಿ ಮಾದರಿಯ ಗರಗಸ ಸಿಕ್ಕಿದರೆ ಇನ್ನೂ ಒಳ್ಳೆಯದು. ಅದು ಎಳೆಯುವಾಗ ಕುಯ್ಯುತ್ತದೆ, ಮಕ್ಕಳಿಗೆ ದೂಡುವುದಕ್ಕಿಂತ ಎಳೆಯುವುದು ಸಲೀಸು. ಕೈಯಲ್ಲಿ ತಿರುಗಿಸುವ ಹ್ಯಾಂಡ್ ಡ್ರಿಲ್ ಒಂದು. ಅದರ ಹಲ್ಲುಚಕ್ರ ತಿರುಗುವುದನ್ನು ನೋಡುತ್ತಲೇ ಚಿಕ್ಕವನು ಒಂದು ಭಾನುವಾರ ಪೂರ್ತಿ ಕಳೆದ. ಒಂದು ಮೂಲೆಮಟ್ಟ, ಪೆನ್ಸಿಲ್ಲು, 80 ಮತ್ತು 120 ನಂಬರಿನ ಉಪ್ಪುಕಾಗದ. ಕಣ್ಣಿಗೆ ಪ್ಲಾಸ್ಟಿಕ್ ಕನ್ನಡಕ. ಕರೆಂಟಿನದ್ದು ಯಾವುದೂ ಈಗ ಬೇಡ. ಅದರಲ್ಲೂ ಕಬ್ಬಿಣ, ಕಲ್ಲು ಉಜ್ಜುವ ಕೈ ಗ್ರೈಂಡರ್ ಮೆಷೀನಿಗೆ ಮರ ಕುಯ್ಯುವ ಬ್ಲೇಡ್ ಹಾಕಿ ಕೆಲಸ ಮಾಡುವುದನ್ನು ಎಲ್ಲ ಕಡೆ ನೋಡುತ್ತೀರಿ. ಮಗು ಇರುವ ಕೋಣೆಯಲ್ಲಿ ಅದನ್ನು ಹೊರಗೆ ತೆಗೆಯಲೇಬೇಡಿ.

ಮೊದಲ ವಾರ ಏನನ್ನೂ ಮಾಡಿಸಬೇಡಿ. ಒಂದು ಮರದ ತುಂಡು, ಒಂದು ಹಿಡಿ ಮೊಳೆ ಕೊಟ್ಟು ಸುಮ್ನೆ ಹೊಡೆಯಲು ಬಿಡಿ. ಮೊಳೆಯನ್ನು ಬೆರಳಲ್ಲಿ ಹಿಡಿಯುವ ಬದಲು ಬಟ್ಟೆ ಒಣಗಿಸುವ ಕ್ಲಿಪ್ಪಿನಲ್ಲಿ ಹಿಡಿಯಲಿ. ಏಟು ತಪ್ಪಿದರೆ ಕ್ಲಿಪ್ಪು ಮುರಿಯುತ್ತದೆ, ಉಗುರು ಉಳಿಯುತ್ತದೆ. ಹಲಗೆಯ ಅಂಚಿನಲ್ಲಿ ಹೊಡೆದಾಗ ಮರ ಸೀಳುತ್ತಿದ್ದರೆ ಮೊಳೆಯನ್ನು ತಲೆಕೆಳಗು ಮಾಡಿ, ಮೊನೆಗೆ ಸುತ್ತಿಗೆಯಿಂದ ಮೆಲ್ಲಗೆ ಒಂದೇಟು ಹಾಕಿ ಮೊಂಡು ಮಾಡಿ. ಚೂಪು ಮೊನೆ ನಾರನ್ನು ಬೆಣೆಯ ಹಾಗೆ ಸೀಳುತ್ತದೆ, ಮೊಂಡು ಮೊನೆ ನಾರನ್ನು ಜಜ್ಜಿಕೊಂಡು ಒಳಗೆ ಹೋಗುತ್ತದೆ. ಹರಿತ ಇರಬೇಕು ಅಂತ ಈಗಷ್ಟೇ ಹೇಳಿ, ಇದನ್ನು ಮಾತ್ರ ಮೊಂಡು ಮಾಡು ಅಂದರೆ ಮಕ್ಕಳಿಗೆ ಎಲ್ಲಿಲ್ಲದ ಖುಷಿ.

ಈಗ ನನ್ನ ಗುಟ್ಟು. ಮೇಲೆ ಹೇಳಿದ್ದು ಮಕ್ಕಳಿಗೆ ಬೇಕಾದ ಸಾಮಾನು. ನನ್ನ ಕಪಾಟಿನಲ್ಲಿ ಇರುವುದು ಅದರ ಆರು ಪಟ್ಟು.

ತೀರ್ಥಹಳ್ಳಿ ಕಡೆಯ ನಮ್ಮ ಅಜ್ಜನ ಮನೆಗೆ ಬಾಗಿಲು ಮಾಡಲು ಆಚಾರ್ರು ಬರುತ್ತಿದ್ದರು. ಜಗಲಿ ತುಂಬ ಮರದ ಚಕ್ಕೆ, ಆ ಪರಿಮಳ. ಅವರ ಉಳಿಗಳು ಗೋಣಿತಾಟಿನ ಮೇಲೆ ಸಾಲಾಗಿ ಮಲಗಿರುತ್ತಿದ್ದವು. ಕೈ ಚಾಚಿದರೆ, "ಮುಟ್ಟಬೇಡ ಅಮ್ಮಿ, ಬಾಯಿ ಹೋಗ್ತದೆ" ಅನ್ನುತ್ತಿದ್ದರು. ಹೋಗುವುದು ನನ್ನ ಬಾಯಲ್ಲ, ಉಳಿಯ ಬಾಯಿ ಅಂತ ಗೊತ್ತಾಗಲು ಸುಮಾರು ವರ್ಷ ಬೇಕಾಯಿತು. ನನ್ನ ಬೆರಳಿಗಿಂತ ಅವರಿಗೆ ಆ ಉಳಿಯದ್ದೇ ಚಿಂತೆ. ಈಗ ನಾನೂ ಹಾಗೇ ಆಗಿದ್ದೇನೆ ಅಂತ ನಮ್ಮವರು ಹೇಳುತ್ತಾರೆ. ನನ್ನ ಅರ್ಧ ಇಂಚಿನ ಉಳಿಯಲ್ಲಿ ಅವರೊಮ್ಮೆ ಪೇಂಟ್ ಡಬ್ಬದ ಮುಚ್ಚಳ ತೆಗೆದಿದ್ದರು. ಆ ವಿಷಯ ಇಲ್ಲಿ ಬೇಡ.

ಬೆಂಗಳೂರಿನ ಎಸ್‌ಜೆಪಿ ರಸ್ತೆಯ ಹಾರ್ಡ್‌ವೇರ್ ಅಂಗಡಿಗಳ ಸಾಲಿಗೆ ಹೋದರೆ ನನಗೆ ಹೊತ್ತು ಹೋಗುವುದೇ ತಿಳಿಯುವುದಿಲ್ಲ. ಒಂದು ಅಂಗಡಿಯಲ್ಲಿ ಪ್ರತಿ ಸಲವೂ "ಸರ್ ಬಂದಿಲ್ವಾ ಮೇಡಂ?" ಅಂತ ಕೇಳುತ್ತಾರೆ. ಸರ್ ಮನೆಯಲ್ಲಿ ಅನ್ನಕ್ಕಿಟ್ಟಿದ್ದಾರೆ ಅಂದರೆ ನಗುತ್ತಾರೆ, ಬೆಲೆ ಮಾತ್ರ ಕಮ್ಮಿ ಮಾಡುವುದಿಲ್ಲ. ಸಂಡೇ ಬಜಾರಿನಲ್ಲಿ ಒಮ್ಮೆ ತುಕ್ಕು ಹಿಡಿದ ಕಬ್ಬಿಣದ ಹತ್ತರಿ ಸಿಕ್ಕಿತು. ಮರದ ಮೈ ಹೆರೆದು ನಯ ಮಾಡುವುದು, ಕೀಸುಳಿ ಅಂತಲೂ ಅನ್ನುತ್ತಾರಲ್ಲ, ಅದು. ಸ್ಟಾನ್ಲಿ ಕಂಪನಿಯ ನಾಲ್ಕನೇ ನಂಬರ್, ಒಂಬತ್ತೂವರೆ ಇಂಚು ಉದ್ದ, ಎರಡು ಇಂಚು ಅಗಲದ ಅಲಗು. ನಾನೂರು ರೂಪಾಯಿ ಕೊಟ್ಟೆ. ಬಿಚ್ಚಿ, ಕಬ್ಬಿಣದ ಭಾಗಗಳನ್ನು ರಾತ್ರಿಯಿಡೀ ವಿನೆಗರಿನಲ್ಲಿ ನೆನೆಹಾಕಿ, ಬೆಳಿಗ್ಗೆ ಹಳೇ ಟೂತ್‌ಬ್ರಶ್ಶಿನಲ್ಲಿ ಉಜ್ಜಿದೆವು. ತಕ್ಷಣ ಒರೆಸಿ ಎಣ್ಣೆ ಹಚ್ಚಬೇಕು, ಇಲ್ಲದಿದ್ದರೆ ಕಣ್ಣೆದುರೇ ಮತ್ತೆ ತುಕ್ಕು ಕೂರುತ್ತದೆ.

ಸಾಣೆ ಹಿಡಿಯಲು ದುಬಾರಿ ಕಲ್ಲು ಬೇಡ. ಉಳಿದುಹೋದ ಗಟ್ಟಿ ಗಾಜಿನ ತುಂಡಿಗೆ ವಾಟರ್ ಪೇಪರ್, ಅಂದರೆ ನೀರು ಹಾಕಿ ಉಜ್ಜುವ ಉಪ್ಪುಕಾಗದ ಅಂಟಿಸಿ. ಮೊದಲು 400 ನಂಬರಿನದು, ಆಮೇಲೆ 1000, ಕೊನೆಗೆ 2000. ಅಲಗನ್ನು 25ರಿಂದ 30 ಡಿಗ್ರಿ ಓರೆಯಲ್ಲಿ ಹಿಡಿದು ಉಜ್ಜುತ್ತಾ ಹೋಗುವುದು. ಓರೆ ಬದಲಾಗದಂತೆ ಹಿಡಿಯುವುದೇ ಕಷ್ಟ. ದೊಡ್ಡವಳಿಗೆ ಇದು ನನಗಿಂತ ಚೆನ್ನಾಗಿ ಬರುತ್ತದೆ. ಆ ಹತ್ತರಿಯಿಂದ ಮೊದಲ ಚಕ್ಕೆ ಸುರುಳಿ ಸುತ್ತಿಕೊಂಡು ಮೇಲೆ ಬಂದಾಗ ಈರುಳ್ಳಿ ಸಿಪ್ಪೆಯ ಹಾಗೆ ಆಚೆ ಬದಿಯ ಬೆಳಕು ಕಾಣುತ್ತಿತ್ತು. ಚಿಕ್ಕವನು ಅದನ್ನು ಮೀಸೆ ಮಾಡಿಕೊಂಡು ಲಿಫ್ಟಿನಲ್ಲಿ ಮೇಲೆ ಕೆಳಗೆ ಓಡಾಡಿದ.

ಮರದ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಸಾ ಮಿಲ್ಲಿನಲ್ಲಿ ಸಿಲ್ವರ್ ಓಕ್ ಚೂರು ಕೇಳಿ, ಕಾಫಿ ತೋಟದ ನೆರಳಿನ ಮರ, ಮಕ್ಕಳ ಗರಗಸಕ್ಕೆ ಬಗ್ಗುತ್ತದೆ. ಪ್ಯಾಕಿಂಗ್ ಪೈನ್ ಮರವೂ ಆಗುತ್ತದೆ. ಆದರೆ ಹಡಗಿನಲ್ಲಿ ಬಂದ ಪ್ಯಾಲೆಟ್ (ಸರಕು ಪೇರಿಸುವ ಮರದ ಅಟ್ಟಣೆ) ಆದರೆ ಸುಟ್ಟು ಒತ್ತಿದ ಮುದ್ರೆ ನೋಡಿ. ಎಚ್‌ಟಿ ಅಂತಿದ್ದರೆ ಬಿಸಿ ಮಾಡಿ ಹುಳ ಕೊಂದದ್ದು, ಪರವಾಗಿಲ್ಲ. ಎಂಬಿ ಅಂತಿದ್ದರೆ ಮೀಥೈಲ್ ಬ್ರೋಮೈಡ್ ಹೊಗೆ ಹಾಕಿದ್ದು, ಅದನ್ನು ಮನೆಗೆ ತರಬೇಡಿ. ಮರದ ನಾರನ್ನು ಅಂಟಿನಲ್ಲಿ ಒತ್ತಿ ಮಾಡಿದ ಎಂಡಿಎಫ್ ಹಲಗೆಯನ್ನು ಮಕ್ಕಳ ಕೈಯಲ್ಲಿ ಉಜ್ಜಿಸಬೇಡಿ, ಅದರ ಧೂಳು ಬಲು ಸಣ್ಣದು, ಅಂಟಿನ ಅಂಶವೂ ಸೇರಿರುತ್ತದೆ.

ನಾವು ಮಾಡಿದ್ದರಲ್ಲಿ ಮರೆಯಲಾಗದ್ದು ಅಳಗುಳಿ ಮಣೆ. ಕಳೆದ ವರ್ಷದ ಬೇಸಿಗೆ ರಜೆ. 18 ಇಂಚು ಉದ್ದ, ಆರು ಇಂಚು ಅಗಲ, ಒಂದೂಕಾಲು ಇಂಚು ದಪ್ಪದ ಹಲಗೆ. ಏಳೇಳರ ಎರಡು ಸಾಲು, ಒಟ್ಟು 14 ಗುಳಿ. ಎರಡೂ ತುದಿಯಿಂದ ಒಂದೂವರೆ ಇಂಚು ಬಿಟ್ಟು ಮೊದಲ ಮತ್ತು ಕೊನೆಯ ಗುಳಿಯ ನಡುಬಿಂದುವನ್ನು ದೊಡ್ಡವಳು ಗುರುತು ಹಾಕಿದಳು. ಉಳಿದದ್ದು 15 ಇಂಚು. ಏಳು ಗುಳಿ ತಾನೆ ಅಂತ 15ನ್ನು ಏಳರಿಂದ ಭಾಗಿಸಿದಳು. ಎರಡು ಚಿಲ್ಲರೆ ಬಂತು. ಗುರುತು ಹಾಕುತ್ತಾ ಹೋದರೆ ಏಳನೆಯದು ತುದಿಯ ಗುರುತಿಗೆ ಮುಟ್ಟಲೇ ಇಲ್ಲ. ಮತ್ತೆ ಅಳತೆ, ಮತ್ತೆ ಅದೇ. ನಾನು ತುಟಿ ಕಚ್ಚಿಕೊಂಡು ಟೀ ಕುಡಿಯುತ್ತಿದ್ದೆ. ಇಪ್ಪತ್ತು ನಿಮಿಷದ ಮೇಲೆ ಕೈಬೆರಳು ಅಗಲಿಸಿ ನೋಡಿಕೊಂಡು, "ಅಮ್ಮಾ, ಬೆರಳು ಐದು, ಸಂದು ನಾಲ್ಕೇ!" ಅಂದಳು. 15ಕ್ಕೆ ಆರು ಸಂದು, ತಲಾ ಎರಡೂವರೆ ಇಂಚು.

ಗುಳಿಯ ನಡುಭಾಗವನ್ನು ಮಾತ್ರ ನಾನು ಮೆಷೀನಿನಲ್ಲಿ ತೋಡಿಕೊಟ್ಟೆ. ಕಪಾಟಿನ ಬಾಗಿಲ ಹಿಂಜ್ ಕೂರಿಸಲು ಬಡಗಿಗಳು ಬಳಸುವ 35 ಮಿಲಿಮೀಟರ್ ಬಿಟ್ ಇದೆಯಲ್ಲ, ಅದೇ. ಸುತ್ತ ಅಗಲ ಮಾಡಿ ಬಟ್ಟಲಿನ ಹಾಗೆ ಮಾಡುವುದು ಅವಳ ಕೆಲಸ, ಬಾಗಿದ ಬಾಯಿಯ ಉಳಿ ಮತ್ತು ಕೊಡತಿಯಿಂದ. ದಿನಕ್ಕೆ ಒಂದೋ ಎರಡೋ ಗುಳಿ. ಮೊದಮೊದಲಿನವು ಕೋಳಿಮೊಟ್ಟೆಯ ಹಾಗೆ ಉದ್ದುದ್ದ, ಕೊನೆಕೊನೆಯವು ದುಂಡಗೆ.

ನಾಲ್ಕನೇ ಗುಳಿಯ ಅಂಚು ಎದ್ದುಬಂದಿತ್ತು. ಅದು ನನ್ನ ಕಣ್ಣಿಗೆ ಚುಚ್ಚುತ್ತಿತ್ತು. ಒಂದು ರಾತ್ರಿ ಎಲ್ಲರೂ ಮಲಗಿದ ಮೇಲೆ ಹೋಗಿ ಐದೇ ನಿಮಿಷ ಕೆತ್ತಿ, ಉಪ್ಪುಕಾಗದ ಉಜ್ಜಿ, ಧೂಳು ಒರೆಸಿ ಬಂದೆ. ಯಾರಿಗೆ ಗೊತ್ತಾಗುತ್ತದೆ? ಬೆಳಿಗ್ಗೆ ಅವಳು ಮಣೆ ಎತ್ತಿಕೊಂಡು ಒಂದೊಂದೇ ಗುಳಿಯಲ್ಲಿ ಹೆಬ್ಬೆರಳಾಡಿಸುತ್ತಾ ಬಂದು ನಾಲ್ಕನೆಯದರಲ್ಲಿ ನಿಲ್ಲಿಸಿದಳು.

"ಇದು ನಂದಲ್ಲ."

ಜಗಳ ಆಡಲಿಲ್ಲ, ಅಳಲಿಲ್ಲ. ಮಣೆಯನ್ನು ಕಪಾಟಿನ ಮೇಲಿಟ್ಟು ಹೋದಳು. ಹದಿನೈದು ದಿನ ಮುಟ್ಟಲಿಲ್ಲ.

ಸ್ವೀಡನ್ನಿನಲ್ಲಿ ಕೈಕೆಲಸ ಇವತ್ತಿಗೂ ಶಾಲೆಯ ಕಡ್ಡಾಯ ಪಾಠ. ಅದನ್ನು ಸ್ಲೋಯ್ಡ್ ಅನ್ನುತ್ತಾರೆ. 1870ರ ದಶಕದಿಂದ ಅಲ್ಲಿ ಮೇಷ್ಟರುಗಳಿಗೆ ಇದನ್ನು ಕಲಿಸಿದ ಓಟ್ಟೊ ಸಾಲೊಮನ್ ಎರಡು ವಿಷಯ ಒತ್ತಿ ಹೇಳುತ್ತಿದ್ದರು. ಮಗು ಮಾಡುವ ವಸ್ತು ಮನೆಯಲ್ಲಿ ಬಳಕೆಗೆ ಬರಬೇಕು, ಮತ್ತು ಮಗುವಿನ ಕೆಲಸಕ್ಕೆ ಕಲಿಸುವವರು ಕೈ ಹಾಕಬಾರದು. ನಾನು ಇದನ್ನು ಓದಿದ್ದು ಆ ಹದಿನೈದು ದಿನದಲ್ಲಿ. ಚೆನ್ನಾಗಿ ಉಗಿಸಿಕೊಂಡ ಹಾಗಾಯಿತು. ಕೊನೆಗೆ ಹೋಗಿ, "ತಪ್ಪಾಯ್ತು ಕಣೇ, ಇನ್ನು ಮುಟ್ಟಲ್ಲ" ಅಂದೆ. ಅವಳು ನಾಲ್ಕನೇ ಗುಳಿಯನ್ನು ತನಗೆ ಬೇಕಾದ ಹಾಗೆ ಇನ್ನಷ್ಟು ಆಳ ಮಾಡಿದಳು. ಈಗ ಗುಳಿಗೆ ಐದರಂತೆ ಎಪ್ಪತ್ತು ಹುಣಸೆಬೀಜ ಹಾಕಿ ಆಡುತ್ತೇವೆ. ಆ ಗುಳಿಯಿಂದ ಕಾಯಿ ತೆಗೆಯುವಾಗ ನನ್ನ ಬೆರಳು ಸಿಕ್ಕಿಕೊಳ್ಳುತ್ತದೆ, ಅವಳದ್ದು ಸಲೀಸಾಗಿ ಹೋಗುತ್ತದೆ.

ಹಾಗಾಗಿ ನೀವು ಹೊಸದಾಗಿ ಅಭ್ಯಾಸ ಮಾಡಬೇಕಾದದ್ದು ಒಂದೇ. ಮಗ ಗರಗಸ ಓರೆ ಹಿಡಿದಾಗ "ಕೊಡಿಲ್ಲಿ" ಅನ್ನದೆ ಕೂರುವುದು. ಬೆರಳಿಗೆ ಅಪಾಯ ಇದ್ದರೆ ತಕ್ಷಣ ನಿಲ್ಲಿಸಿ. ಗೆರೆ ಸೊಟ್ಟ ಹೋಗುತ್ತಿದೆ ಅಂತ ಮಾತ್ರ ನಿಲ್ಲಿಸಬೇಡಿ. ನನಗೆ ಇದು ಈಗಲೂ ಪೂರ್ತಿ ಬಂದಿಲ್ಲ, ಕೈಯಲ್ಲಿ ಏನಾದರೂ ಹಿಡಿದು ಕೂರುತ್ತೇನೆ, ಬಟಾಣಿ ಸುಲಿಯುತ್ತೇನೆ.

ಫ್ಲ್ಯಾಟಿನ ಸದ್ದಿಗೆ: ಟೇಬಲ್ ಕಾಲಿನ ಕೆಳಗೆ ದಪ್ಪ ರಬ್ಬರ್ ಮ್ಯಾಟ್ ಹಾಕಿ. ಸುತ್ತಿಗೆ ಕೆಲಸ ಬೆಳಿಗ್ಗೆ ಹತ್ತರ ಮೇಲೆ, ಮಧ್ಯಾಹ್ನ ಎರಡರಿಂದ ನಾಲ್ಕು ಪೂರ್ತಿ ಬಂದ್. ಕೆಳಗಿನ ಮನೆಯ ಅಜ್ಜಿಗೆ ಮೊದಲೇ ಹೇಳಿಬಿಡಿ, ಅವರಿಗೊಂದು ಚಿಕ್ಕ ಮಣೆ ಮಾಡಿಕೊಡಿ. ನಮ್ಮ ಕೆಳಗಿನ ಮನೆಯವರು ಈಗ ಸದ್ದಿಲ್ಲದಿದ್ದರೆ ಹುಷಾರಾಗಿದ್ದೀರಾ ಅಂತ ಫೋನ್ ಮಾಡುತ್ತಾರೆ. ಆಯುಧಪೂಜೆಗೆ ಮಗನ ಸುತ್ತಿಗೆಯನ್ನೂ ತೊಳೆದು ಕುಂಕುಮ ಇಟ್ಟು ಪೂಜೆಗಿಡಿ. ಅವತ್ತು ಮುಟ್ಟುವ ಹಾಗಿಲ್ಲ ಅಂದಾಗ ಅವನ ಮುಖ ನೋಡಬೇಕು ನೀವು.

ಮೊದಲು ಏನು ಮಾಡಿಸಲಿ ಅಂದಿರಿ. ಕೀ ಹಾಕುವ ಹಲಗೆ. ಒಂದಡಿ ಉದ್ದದ ತುಂಡು, ಎರಡು ತುದಿ ಕುಯ್ಯುವುದು, ಅಂಚು ಉಜ್ಜುವುದು, ಹ್ಯಾಂಡ್ ಡ್ರಿಲ್ಲಿನಲ್ಲಿ ನಾಲ್ಕು ತೂತು, ತಿರುಪಿನ ಕೊಕ್ಕೆ ನಾಲ್ಕು. ಕೊಕ್ಕೆ ತಿರುಗಿಸುವ ಮುಂಚೆ ಸೋಪಿಗೆ ಒಮ್ಮೆ ಒತ್ತಿ ತೆಗೆದರೆ ಸುಲಭವಾಗಿ ಒಳಗೆ ಹೋಗುತ್ತದೆ. ಎರಡು ಭಾನುವಾರದ ಕೆಲಸ. ಚಿಕ್ಕವನು ಮಾಡಿದ್ದು ನಮ್ಮ ಬಾಗಿಲ ಪಕ್ಕದಲ್ಲೇ ಇದೆ. ಎರಡನೇ ಕೊಕ್ಕೆ ಸಡಿಲ. ಅದಕ್ಕೆ ಸ್ಕೂಟರ್ ಕೀ ಹಾಕಬೇಡಿ ಅಂತ ಬಂದವರಿಗೆಲ್ಲ ಅವನೇ ಹೇಳುತ್ತಾನೆ.