ಉಣುಗು ಕಚ್ಚಿದರೆ ಸೀಮೆಎಣ್ಣೆ ಹಚ್ಚಬಹುದೇ?

ಪ್ರಶ್ನೆ: ನಮ್ಮದು ಸಾಗರ ತಾಲ್ಲೂಕಿನ ಕಾಡಂಚಿನ ಊರು. ಜನವರಿ ಬಂತೆಂದರೆ ಕೊಟ್ಟಿಗೆಗೆ ದರಕು (ಒಣಗಿದ ಎಲೆ) ತರಲು ಬೆಟ್ಟಕ್ಕೆ ಹೋಗಲೇಬೇಕು. ಆಶಾ ಕಾರ್ಯಕರ್ತೆ ಕೊಟ್ಟ ಎಣ್ಣೆ ಹಚ್ಚಿಕೊಂಡೇ ಹೋಗುತ್ತೇನೆ. ಆದರೂ ಮೊನ್ನೆ ರಾತ್ರಿ ನೋಡಿದರೆ ಸೊಂಟಕ್ಕೆ ಉಣುಗು ಕಚ್ಚಿಕೊಂಡಿತ್ತು. ಅತ್ತೆ ಸೀಮೆಎಣ್ಣೆ ಹಚ್ಚಿ ತೆಗೆದರು. ಮಂಗನ ಕಾಯಿಲೆಯ ಭಯಕ್ಕೆ ನಿದ್ದೆಯೇ ಇಲ್ಲ.
– ಹೆಸರು ಬೇಡ

ಉತ್ತರ: ಕಚ್ಚಿದ ಉಣುಗೆಲ್ಲ ರೋಗ ಹೊತ್ತಿರುವುದಿಲ್ಲ ತಾಯಿ, ನಿದ್ದೆ ಮಾಡಿ. ಕಚ್ಚಿದ ದಿನವನ್ನು ಮಾತ್ರ ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ. ಕಾಯಿಲೆ ಬರುವುದಿದ್ದರೆ ಸಾಮಾನ್ಯವಾಗಿ 3ರಿಂದ 8 ದಿನದಲ್ಲಿ ತಲೆ ಎತ್ತುತ್ತದೆ. ಇದ್ದಕ್ಕಿದ್ದಂತೆ ಚಳಿಜ್ವರ, ಹಣೆ ಸಿಡಿಯುವಂಥ ತಲೆನೋವು, ಮೈಕೈ ನೋವು ಬಂದರೆ ಅದೇ ದಿನ ಆರೋಗ್ಯ ಕೇಂದ್ರಕ್ಕೆ ಹೋಗಿ. 'ದರಕಿಗೆ ಹೋಗಿದ್ದೆ, ಉಣುಗು ಕಚ್ಚಿತ್ತು' ಎಂದು ಅವರು ಕೇಳುವ ಮೊದಲೇ ಹೇಳಿ, ರಕ್ತ ಪರೀಕ್ಷೆ ಬೇಗ ಆಗುತ್ತದೆ. ಅಂಗಡಿಯಿಂದ ನೋವಿನ ಮಾತ್ರೆ ತಂದು ನುಂಗಬೇಡಿ. ಈ ಜ್ವರದಲ್ಲಿ ರಕ್ತಸ್ರಾವದ ಅಪಾಯವಿದೆ, ಆಸ್ಪಿರಿನ್ ಜಾತಿಯವು ಅದನ್ನು ಹೆಚ್ಚಿಸುತ್ತವೆ.

ಎಣ್ಣೆ ಹಚ್ಚಿದರೂ ಹೇಗೆ ಕಚ್ಚಿತು? ನೀವು ಹಚ್ಚಿದ್ದು ಕೈಕಾಲಿಗಷ್ಟೇ ಇರಬೇಕು. ಉಣುಗು ಸೀರೆ ಹತ್ತಿ ಸೊಂಟದ ಬಿಗಿಯಲ್ಲಿ ನಿಂತಿತು. ಬೆವರಿಗೆ ಎಣ್ಣೆಯೂ ಇಳಿದುಹೋಗುತ್ತದೆ. ನವೆಂಬರಿನಿಂದ ಮೇವರೆಗೆ ಮರಿ ಉಣುಗುಗಳ ಕಾಲ. ಎಳ್ಳಿಗಿಂತ ಸಣ್ಣ, ಕಣ್ಣಿಗೆ ಬೀಳುವುದೇ ಕಷ್ಟ. ಬಂದ ಕೂಡಲೇ ಬಟ್ಟೆಯನ್ನು ಕುದಿಯುವ ನೀರಿಗೆ ಹಾಕಿ, ಸೋಪು ಹಚ್ಚಿ ಬಿಸಿನೀರಿನ ಸ್ನಾನ ಮಾಡಿ. ಕಂಕುಳು, ತೊಡೆಸಂದು, ಕಿವಿಯ ಹಿಂದೆ ನೋಡಿಕೊಳ್ಳಿ.

ನಾನು ಮಲೆನಾಡಿನ ಆಸ್ಪತ್ರೆಯಲ್ಲಿದ್ದಾಗ ವರ್ಷಗಳಿಂದ ಕಾಡಿಗೆ ಕಾಲಿಡದ ಅಜ್ಜಿಯೊಬ್ಬರಿಗೆ ಈ ಜ್ವರ ಬಂತು. ಮನೆಯವರಿಗೆ ದಿಕ್ಕೇ ತೋಚಲಿಲ್ಲ. ಕೇಳುತ್ತಾ ಹೋದರೆ, ಅಜ್ಜಿ ದಿನಾ ಬಿಸಿಲು ಕಾಯಿಸುತ್ತಿದ್ದುದು ಅಂಗಳದ ದರಕಿನ ರಾಶಿಗೆ ಒರಗಿ! ರಾಶಿಯನ್ನು ಮನೆಯಿಂದ ದೂರ ಹಾಕಿಸಿ, ಮಕ್ಕಳನ್ನು ಅದರ ಮೇಲೆ ಆಡಲು ಬಿಡಬೇಡಿ.

ಸತ್ತ ಮಂಗ ಕಂಡರೆ ಹತ್ತಿರ ಸುಳಿಯದೆ ಆರೋಗ್ಯ ಇಲಾಖೆಗೆ ತಿಳಿಸಿ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಈ ಕಾಯಿಲೆ ಪತ್ತೆಯಾದದ್ದೂ ಮಂಗಗಳು ಸತ್ತು ಬಿದ್ದಾಗಲೇ. ಹೆಣದ ಮೇಲಿನ ಉಣುಗುಗಳು ಅಲ್ಲೇ ಸುತ್ತ ಉದುರಿರುತ್ತವೆ.

ಇನ್ನು ಸೀಮೆಎಣ್ಣೆ, ಬೀಡಿಯ ಬೆಂಕಿ ಎರಡೂ ಬೇಡ. ಕೆರಳಿದ ಉಣುಗು ಹೊಟ್ಟೆಯಲ್ಲಿದ್ದದ್ದನ್ನು ಗಾಯಕ್ಕೇ ಕಕ್ಕೀತು. ಚಿಮಟದಿಂದ ಚರ್ಮದ ಬುಡದಲ್ಲಿ ಹಿಡಿದು, ತಿರುಚದೆ, ನಿಧಾನವಾಗಿ ನೇರಕ್ಕೆ ಎಳೆಯಬೇಕು. ಉಗುರಿನಲ್ಲಿ ಹಿಚುಕಬಾರದು. ಅತ್ತೆಯವರಿಗೆ ಒಂದು ಚಿಮಟ ತಂದುಕೊಡಿ. ಅವರ ಕಣ್ಣು ಮಂಜಾಗಿದ್ದರೆ ಟಾರ್ಚ್ ಹಿಡಿಯಲು ಮಗನನ್ನು ಕರೆಯಿರಿ.