ಲೇಕಾಕ್ ಅಬೆ: ಮಠ ಮನೆಯಾದ ಬಗೆ

‘ಅಬೆ ಎಂದರೆ ಮಠ, ಹಾಗಿದ್ದರೆ ಲೇಕಾಕ್ ಅಬೆಯಲ್ಲಿ ಕುಟುಂಬವೊಂದು ವಾಸವಿದ್ದದ್ದು ಹೇಗೆ?’ ಎಂದು ಕೇಳಿದ್ದೀರಿ. ಇಂಗ್ಲೆಂಡಿನ ವಿಲ್ಟ್‌ಶೈರ್‌ನ ಈ ಕಟ್ಟಡ 13ನೇ ಶತಮಾನದಲ್ಲಿ ಸನ್ಯಾಸಿನಿಯರ ಮಠವಾಗಿಯೇ ಆರಂಭವಾಯಿತು. ದೊರೆ ಎಂಟನೇ ಹೆನ್ರಿಯ ಕಾಲದಲ್ಲಿ, 1539ರಲ್ಲಿ, ಅದನ್ನು ಮುಚ್ಚಲಾಯಿತು. ಕೊಂಡುಕೊಂಡ ವಿಲಿಯಂ ಶಾರಿಂಗ್ಟನ್ ಚರ್ಚನ್ನು ಕೆಡವಿದ. ಆದರೆ ಅಂಗಳದ ಸುತ್ತಲಿನ ಕಮಾನಿನ ಮೊಗಸಾಲೆಯನ್ನು ಉಳಿಸಿ, ಅದರ ಮೇಲೆಯೇ ಮನೆ ಮಾಡಿಕೊಂಡ. ಸದ್ಯ, ಅಷ್ಟಾದರೂ ಉಳಿಯಿತು!

ಹೋದರೆ ದಕ್ಷಿಣ ಗ್ಯಾಲರಿಯಲ್ಲಿ ಹೊರಚಾಚಿದ ಕಿಟಕಿಯ ಮುಂದೆ ಖಂಡಿತ ನಿಲ್ಲಿ. 1835ರ ಆಗಸ್ಟ್‌ನಲ್ಲಿ ಮನೆಯ ಯಜಮಾನ ಫಾಕ್ಸ್ ಟಾಲ್ಬಟ್ ಅದನ್ನು ಅಂಚೆಚೀಟಿಯಷ್ಟು ಕಾಗದದಲ್ಲಿ ಸೆರೆಹಿಡಿದ. ಇಂದು ಉಳಿದಿರುವ ಛಾಯಾಚಿತ್ರ ನೆಗೆಟಿವ್‌ಗಳಲ್ಲಿ ಅತ್ಯಂತ ಹಳೆಯದು ಅದೇ. ಭೂತಗನ್ನಡಿ ಹಿಡಿದರೆ ಸುಮಾರು 200 ಗಾಜಿನ ಚೌಕಗಳನ್ನು ಎಣಿಸಬಹುದಿತ್ತು ಎಂದು ಅವನೇ ಬರೆದಿಟ್ಟಿದ್ದಾನೆ. 1944ರಿಂದ ಮನೆ ಪಾರಂಪರಿಕ ತಾಣಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಸಂಸ್ಥೆಯ ಕೈಯಲ್ಲಿದೆ.